ಚೌಕಿಯ ಹಾಸುಗಲ್ಲು

“ಕೈಯಾಗ ಬ್ಯಾಡ. ಬೆಂಚಿನ ಮ್ಯಾಲ ಇಡು. ನಾ ಆಮ್ಯಾಲ ತಗೋತೀನಿ.”

ಬಸವೇಶ್ವರಿ ಹೀಗೆಂದಾಗ ಯಶೋಧರಾಗೆ ಮೊದಲು ನಗುವೇ ಬಂತು. ಶಾಲೆಯ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಬಂದ ಯಶೋಧರಾ ಏದುಸಿರು ಬಿಡುತ್ತಿದ್ದಳು. ಹೆಗಲ ಮೇಲೆ ಒಂದು ಗೋಣಿಚೀಲ. ಅದರ ತುಂಬ ಹಳೆಯ ಪೇಪರು. ನಾಟಕದ ತಾಲೀಮಿಗೆ ಅದನ್ನೇ ಟಪಾಲು ಚೀಲ ಎಂದು ಮಾಡಿಕೊಂಡಿದ್ದರು.

“ಏ ಬಸಿ, ನಿನ್ನಿ ತನಕ ಕೈಯಾಗ ತಗೊಂಡಿ. ಇವತ್ತೇನಾತ ನಿಂಗ?”

“ಏನೂ ಆಗಿಲ್ಲ. ಇಡು ಅಂದ್ರ ಇಡು.”

ಬೆಂಚಿನ ಪಕ್ಕ ನಿಂತಿದ್ದ ಮೈನುದ್ದೀನನಿಗೆ ಇದ್ಯಾವುದೂ ಬೇಕಿರಲಿಲ್ಲ. ನಾಟಕದಲ್ಲಿ ಅವನು ಮುನ್ಶಿ, ಅಂದರೆ ಟಪಾಲು ಚೌಕಿಯ ಸಾಹೇಬ. ಅವನಿಗಿದ್ದದ್ದು ಒಂದೇ ಮಾತು. ಅದನ್ನು ಎಷ್ಟು ಸಲ ಹೇಳಿದರೂ ಅವನಿಗೆ ಸಾಕಾಗುತ್ತಿರಲಿಲ್ಲ.

“ಟಪಾಲು ನಿಲ್ಲಬಾರದು! ಜಲ್ದಿ! ಜಲ್ದಿ!” ಎಂದು ಕಿರುಚಿದ. ಕಿರುಚಿದ ರಭಸಕ್ಕೆ ಕಾಗದದ ಮೀಸೆ ಕಿತ್ತು ಗದ್ದಕ್ಕೆ ಜೋತುಬಿತ್ತು. ಎಲ್ಲರೂ ನಕ್ಕರು. ಬಸವೇಶ್ವರಿ ಮಾತ್ರ ನಗಲಿಲ್ಲ.

ಯಶೋಧರಾ ಚೀಲವನ್ನು ಬೆಂಚಿನ ಮೇಲೆ ಇಟ್ಟಳು. ಬಸವೇಶ್ವರಿ ಅದನ್ನು ಎತ್ತಿಕೊಂಡು ಆಚೆ ಓಡಿದಳು.

“ಶಭಾಶ್! ಗ್ಯಾದರಿಂಗಿನ ದಿನಾನೂ ಹಿಂಗೇ ಓಡ್ರಿ” ಎಂದರು ಸುಮಲತಾ ಟೀಚರು. ಚೀಲ ಕೈಯಿಂದ ಹೋಯಿತೋ ಬೆಂಚಿನಿಂದ ಹೋಯಿತೋ, ಅವರು ನೋಡಿರಲೇ ಇಲ್ಲ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದರೂ ಶಾಮಿಯಾನದವನು ಫೋನು ಎತ್ತುತ್ತಿಲ್ಲ ಎಂಬುದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು.

ನಾಟಕ ಹುಟ್ಟಿದ್ದು ಹೀಗೆ. ಸುರಪುರ ತಾಲೂಕಿನ ಆ ಊರಿನ ಪಡುವಣಕ್ಕೆ ಒಂದು ಗುಡ್ಡ ಇದೆ. ಹೆಸರು ಚೌಕಿಗುಡ್ಡ. ಹಿಂದೆ ಗುಡ್ಡದ ಈ ಮಗ್ಗುಲು ನಿಜಾಮರದು, ಆ ಮಗ್ಗುಲು ಇಂಗ್ಲಿಷರದು. ನೆತ್ತಿಯ ಮೇಲೆ ಟಪಾಲು ಚೌಕಿ. ಆಗ ಆ ದಾರಿಗೆ ಬಸ್ಸಿಲ್ಲ, ಫೋನಂತೂ ಇಲ್ಲವೇ ಇಲ್ಲ. ಸುರಪುರದ ಕಡೆಯಿಂದ ಕಾಗದಗಳ ಚೀಲ ಹೊತ್ತು ಒಬ್ಬ ಹರಕಾರ ಓಡಿ ಬರುತ್ತಿದ್ದ. ಸೊಂಟಕ್ಕೆ ಗೆಜ್ಜೆ ಕಟ್ಟಿಕೊಂಡಿರುತ್ತಿದ್ದ. ಗೆಜ್ಜೆಯ ಸದ್ದು ಕೇಳಿದರೆ ತೋಳ, ಕಿರುಬ ದೂರ ಸರಿಯುತ್ತವೆ ಎಂದು. ಚೌಕಿಯಲ್ಲಿ ಅವನು ಚೀಲವನ್ನು ಇನ್ನೊಬ್ಬ ಹರಕಾರನಿಗೆ ಒಪ್ಪಿಸುತ್ತಿದ್ದ. ಆ ಇನ್ನೊಬ್ಬ ಗುಡ್ಡದ ಆಚೆ ಇಳಿದು ತಾಳಿಕೋಟಿಯ ಕಡೆ ಓಡುತ್ತಿದ್ದ.

ಇದನ್ನು ಪಾಠ ಮಾಡಿದ ದಿನ ಟೀಚರು, “ನಿಮ್ಮ ಯಾರ ಮನ್ಯಾಗರ ಹರಕಾರರು ಇದ್ರೇನು?” ಎಂದು ಸುಮ್ಮನೆ ಕೇಳಿದ್ದರು. ಐದನೆಯ ಕ್ಲಾಸಿನಲ್ಲಿ ಎರಡು ಕೈ ಮೇಲೆದ್ದವು. ಯಶೋಧರಾಳ ಮುತ್ಯಾನ, ಅಂದರೆ ಅಜ್ಜನ, ಅಪ್ಪ ಮರಿಲಿಂಗ ಈ ಕಡೆಯ ಹರಕಾರ. ಬಸವೇಶ್ವರಿಯ ಮುತ್ಯಾನ ಅಪ್ಪ ಹಂಪಣ್ಣ ಆ ಕಡೆಯ ಹರಕಾರ. ಗಡಿ ಅಳಿಸಿಹೋದ ಮೇಲೆ ಹಂಪಣ್ಣ ಇದೇ ಊರಿಗೆ ಬಂದು ಕಿರಾಣಿ ಅಂಗಡಿ ಇಟ್ಟಿದ್ದ. ಆ ಅಂಗಡಿ ಇವತ್ತಿಗೂ ಇದೆ.

ಗೆಳತಿಯರಿಬ್ಬರೂ ಕ್ಲಾಸಿನಲ್ಲೇ ಎದ್ದು ಕುಣಿದಿದ್ದರು. “ನಮ್ಮ ಮುತ್ಯಾಗೋಳೂ ಫ್ರೆಂಡ್ಸ್ ಇದ್ರು! ನಾವೂ ಫ್ರೆಂಡ್ಸ್!” ಎಂದು ಊರೆಲ್ಲ ಸಾರಿಕೊಂಡು ಬಂದಿದ್ದರು. ಹರಕಾರರ ಪಾತ್ರ ಅವರಿಬ್ಬರಿಗೇ ಎಂದು ಅವತ್ತೇ ಗೊತ್ತಾಗಿತ್ತು.

ಈಗ ನೋಡಿದರೆ ಇದು.

ಸಂಜೆ ತಾಲೀಮು ಮುಗಿದ ಮೇಲೆ ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಕುಳಿತರು. ದಿನಾ ಕೂರುವ ಜಾಗ ಅದು. ಯಶೋಧರಾ ಚಿಕ್ಕಿಯನ್ನು ಹಲ್ಲಿನಿಂದ ಮುರಿದು ಅರ್ಧ ಕೊಟ್ಟಳು. ಬಸವೇಶ್ವರಿ ಅವಳ ಕೈಯಿಂದ ತೆಗೆದುಕೊಂಡು ಕಟಕಟ ತಿಂದಳು.

“ಚಿಕ್ಕಿ ತಗೋತಿ. ಚೀಲ ಯಾಕ ಬ್ಯಾಡ?” ಎಂದು ಯಶೋಧರಾ ಕೇಳಿದಳು.

ಬಸವೇಶ್ವರಿ ಬಾಯಲ್ಲಿದ್ದದ್ದು ನುಂಗಿದಳು.

“ಆಯಿ ಹೇಳ್ಯಾಳ. ಗ್ಯಾದರಿಂಗಿಗೆ ಊರ ಮಂದಿಯೆಲ್ಲ ಬರ್ತಾರ. ಮೊದಲ ಹೆಂಗಿತ್ತೋ ಹಂಗ ಮಾಡಬೇಕಂತ.”

“ಮೊದಲ ಹೆಂಗಿತ್ತು?”

“ನಂಗೇನ್ ಗೊತ್ತು? ಕಲ್ಲಿನ ಮ್ಯಾಲ ಇಡ್ತಿದ್ರಂತ. ಆಯಿ ಹೇಳ್ಯಾಳ, ಅಷ್ಟ.”

ಬಸವೇಶ್ವರಿಯ ಆಯಿ, ಅಂದರೆ ಅಜ್ಜಿ, ಅನ್ನಮ್ಮ. ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂರುವವಳು, ಹಂಪಣ್ಣನ ಸೊಸೆ. ಅವಳ ಮಾತನ್ನು ಆ ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಬಸವೇಶ್ವರಿಗಂತೂ ಆಯಿ ಅಂದರೆ ಬಲು ಅಂಜಿಕೆ.

ಮನೆಗೆ ಹೋಗುವಾಗ ಯಶೋಧರಾಗೆ ಯಾಕೋ ಸರಿಬರಲಿಲ್ಲ. ಚಪ್ಪಲಿಯೊಳಗೆ ಹರಳು ಸೇರಿಕೊಂಡ ಹಾಗೆ ಅದು ಚುಚ್ಚುತ್ತಲೇ ಇತ್ತು.

ಕೇರಿಯ ಕೊನೆಯ ಮನೆ ಅವರದು. ಅಪ್ಪ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವ್ವ ಪರಿಮಳಾ ಹತ್ತಿ ಬಿಡಿಸಲು ಹೋದವಳು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮುತ್ಯಾ ಹಣಮಂತ್ರಾಯ ಕುಳಿತಿದ್ದ. ಒಳಗೆ ಬುದ್ಧನ ಪಟದ ಪಕ್ಕ ಒಂದು ಗೂಟ. ಆ ಗೂಟಕ್ಕೆ ತೊಗಲಿನ ಹಳೇ ಪಟ್ಟಿಯೊಂದು ತೂಗುತ್ತಿತ್ತು. ಪಟ್ಟಿಯ ತುಂಬ ಹಿತ್ತಾಳೆಯ ಗೆಜ್ಜೆ. ಮರಿಲಿಂಗ ಹರಕಾರನ ಗೆಜ್ಜೆ ಅದು.

“ಮುತ್ಯಾ, ಗೆಜ್ಜಿ ಕೊಡು. ಟೀಚರ್ ಕೇಳ್ಯಾರ. ಖರೇ ಗೆಜ್ಜಿ ಇದ್ರ ನಾಟಕ ಮಸ್ತ್ ಆಗ್ತದಂತ.”

“ಗೆಜ್ಜಿ ಬ್ಯಾಡ.”

“ದಿನಾ ಬ್ಯಾಡ ಅಂತಿ! ಯಾಕ ಬ್ಯಾಡ?”

ಈ ಗೆಜ್ಜೆಯ ವಿಷಯ ಬಂದಾಗೆಲ್ಲ ಮುತ್ಯಾ ಹೀಗೇ. ಎಮ್ಮೆಯ ಮಾತು, ಮಳೆಯ ಮಾತು ಎತ್ತಿ ಹಾರಿಸಿಬಿಡುತ್ತಿದ್ದ. ಯಶೋಧರಾ ಬಿಡುವವಳಲ್ಲ. ಪುಸ್ತಕದ ಚೀಲವನ್ನು ಹೆಗಲಿಗೇರಿಸಿ ಅಂಗಳದಲ್ಲೇ ನಾಟಕ ಆಡಿ ತೋರಿಸಿದಳು. ಬೇವಿನ ಮರದಿಂದ ಓಡಿ ಬಂದಳು, ಝಣ್ ಝಣ್ ಎಂದು ಬಾಯಲ್ಲೇ ಗೆಜ್ಜೆ ನುಡಿಸಿದಳು, ಹೊರಸಿನ ಮೇಲೆ ಚೀಲ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಮುತ್ಯಾನ ಮುಖ ಸಣ್ಣಗಾಯಿತು.

“ಕೆಳಗ ಯಾಕ ಇಟ್ಟಿ?”

“ಬಸಿಯ ಆಯಿ ಹೇಳ್ಯಾಳಂತ. ಮೊದಲ ಹಂಗ ಇತ್ತಂತ.”

ಮುತ್ಯಾ ಬಹಳ ಹೊತ್ತು ಆ ಚೀಲವನ್ನೇ ನೋಡಿದ. “ಹೌದವ್ವಾ, ಹಂಗ ಇತ್ತು” ಎಂದ. ಎದ್ದು ಒಳಗೆ ಹೋದ. ಅವತ್ತು ಅವನು ರೊಟ್ಟಿಯನ್ನೂ ಸರಿಯಾಗಿ ತಿನ್ನಲಿಲ್ಲ.

ಮರುದಿನ ಐತವಾರ. ಬೆಳಿಗ್ಗೆ ಮುತ್ಯಾ ತಾನೇ ಅವಳನ್ನು ಎಬ್ಬಿಸಿದ. “ನಡಿ, ಚೌಕಿ ನೋಡಿ ಬರಮು” ಎಂದ. ಯಶೋಧರಾಗೆ ನಂಬಲು ಆಗಲಿಲ್ಲ. ಗುಡ್ಡ ಹತ್ತಬೇಡ ಎಂದು ಬೈಯುತ್ತಿದ್ದವನೇ ಅವನು.

ದಾರಿಯುದ್ದಕ್ಕೂ ಜಾಲಿ ಮುಳ್ಳು. ಮುತ್ಯಾ ಕೋಲೂರಿಕೊಂಡು, ನಿಂತು ನಿಂತು ಹತ್ತಿದ. ಮೇಲೆ ಹೋದರೆ ಚೌಕಿ ಅನ್ನುವುದಕ್ಕೆ ಏನೂ ಉಳಿದಿರಲಿಲ್ಲ. ಮಾಳಿಗೆ ಕುಸಿದಿತ್ತು. ಗೋಡೆಗಳು ಮೊಣಕಾಲು ಮಟ್ಟ ಇದ್ದವು. ಮುನ್ಶಿ ಕೂರುತ್ತಿದ್ದ ಕೋಣೆಯ ಬಾಗಿಲಲ್ಲಿ ಒಂದು ಜಾಲಿ ಗಿಡ ಬೆಳೆದು ನಿಂತಿತ್ತು. ಎದುರಿನ ಬಯಲಲ್ಲಿ ಒಂದು ಹಾಸುಗಲ್ಲು, ಮಂಚದಷ್ಟು ಅಗಲ. ಅದು ಮಾತ್ರ ಬಿರುಕು ಕೂಡ ಬಿಟ್ಟಿರಲಿಲ್ಲ.

ಯಶೋಧರಾ ಹೋಗಿ ಅದರ ಮೇಲೆ ಕೂರಲು ನೋಡಿದಳು.

“ಅದರ ಮ್ಯಾಲ ಕೂಡಬ್ಯಾಡ!” ಎಂದ ಮುತ್ಯಾ. ಬೆದರಿ ನಿಂತ ಅವಳನ್ನು ನೋಡಿ ದನಿ ಇಳಿಸಿದ. “ಬಾ ಇಲ್ಲಿ. ನೋಡು, ನಮ್ಮಪ್ಪ ಈ ಕಡಿ ನಿಲ್ತಿದ್ದ. ಹಂಪಣ್ಣ ಆ ಕಡಿ. ನಡುವ ಈ ಕಲ್ಲು. ನಮ್ಮಪ್ಪ ಚೀಲ ಇದರ ಮ್ಯಾಲ ಇಟ್ಟು ಹಿಂದ ಸರಿಬೇಕು. ಹಂಪಣ್ಣ ಚರಗಿಲಿಂದ ಅದಕ್ಕ ನೀರು ಚಿಮುಕಸ್ತಿದ್ದ. ಆಮ್ಯಾಲ ಎತ್ಕೊಂತಿದ್ದ.”

“ನೀರು ಯಾಕ?”

“ನಮ್ಮಪ್ಪನ ಕೈ ಮುಟ್ಟಿತ್ತಲ್ಲ, ಅದಕ್ಕ.”

ಯಶೋಧರಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಬೆಳಿಗ್ಗೆ ತೊಳೆದ ಕೈ. ಉಗುರಿನ ಸಂದಿಯಲ್ಲಿ ಸ್ವಲ್ಪ ಮಸಿ ಇತ್ತು, ಅಷ್ಟೆ.

“ಅವರ ಕೈಗೆ ಏನಾಗಿತ್ತು ಮುತ್ಯಾ?”

“ಏನೂ ಆಗಿದ್ದಿಲ್ಲ. ನಿನ್ನ ಕೈಯಂಗೇ ಇದ್ವು.”

ಅವಳಿಗೆ ಕ್ಲಾಸಿನಲ್ಲಿ ಇಂಥದ್ದನ್ನು ಓದಿದ ನೆನಪಿತ್ತು. ಆದರೆ ಪುಸ್ತಕದಲ್ಲಿ ಅದು ಹಿಂದೆ ಯಾವಾಗಲೋ, ಎಲ್ಲಿಯೋ, ಯಾರಿಗೋ ಆದದ್ದು. ತಮ್ಮ ಮನೆಯ ಗೂಟಕ್ಕೆ ತೂಗುವ ಗೆಜ್ಜೆಗೂ ಅದಕ್ಕೂ ಸಂಬಂಧ ಇದೆ ಎಂದು ಯಾರೂ ಹೇಳಿರಲಿಲ್ಲ.

“ಹಂಗಾದ್ರ ಹಂಪಣ್ಣ ಕೆಟ್ಟಾಂವ!” ಎಂದಳು ಸಿಟ್ಟಿನಿಂದ.

ಮುತ್ಯಾ ತಲೆ ಆಡಿಸಿದ. “ಕೆಟ್ಟಾಂವ ಇದ್ದಿದ್ರ ನನಗ ಸಲೀಸ ಆಗ್ತಿತ್ತು. ನಾ ನಿನಗಿಂತ ಸಣ್ಣಾಂವ ಇದ್ದೆ. ನಮ್ಮಪ್ಪನ ಹಿಂದ ನಾನೂ ಓಡಿ ಬರ್ತಿದ್ದೆ. ಯಾಕ ಗೊತ್ತೇನು? ಹಂಪಣ್ಣ ಬೆಲ್ಲ ಕೊಡ್ತಾನ ಅಂತ. ಮುನ್ಶಿ ಇಲ್ಲದ ದಿನ ಅಂವ ಚೀಲ ಸೀದಾ ನಮ್ಮಪ್ಪನ ಕೈಲಿಂದನ ತಗೊಂತಿದ್ದ. ನನ್ನ ಕೈಯಾಗ ಬೆಲ್ಲ ಇಟ್ಟು ಗಲ್ಲ ಹಿಂಡ್ತಿದ್ದ.”

“ಮುನ್ಶಿ ಇದ್ರ?”

“ಮುನ್ಶಿ ಇದ್ರ ಕಲ್ಲು. ಚರಗಿ. ನೀರು.”

ಮುತ್ಯಾ ಕುಸಿದ ಗೋಡೆಯ ಮೇಲೆ ಕುಳಿತ. ಆಮೇಲಿನದನ್ನು ಅವನು ಗಾಳಿಗೆ ಹೇಳಿದಂತೆ ಹೇಳಿದ, ಅವಳ ಮುಖ ನೋಡಲಿಲ್ಲ.

“ಒಂದು ಮಳಿಗಾಲ. ನಮ್ಮಪ್ಪಗ ಜ್ವರ ಬಂದಿತ್ತು. ಮೈ ಕೆಂಡ ಆಗಿತ್ತು. ಬ್ಯಾಡ ಅಂತ ನಮ್ಮವ್ವ ಅತ್ತಳು. ಟಪಾಲು ನಿಲ್ಲಬಾರದು ಅಂತ ಓಡಿ ಬಂದ. ನಾ ಹಿಂದ. ಇಲ್ಲಿಗೆ ಬಂದು ಚೀಲ ಕಲ್ಲಿನ ಮ್ಯಾಲ ಇಟ್ಟ. ಹಿಂದ ಸರಿಯಾಕ ಹೋಗಿ ಅಲ್ಲೇ ಬಿದ್ದ.”

“ಹಂಪಣ್ಣ?”

“ಹಂಪಣ್ಣ ಒಂದು ಹೆಜ್ಜಿ ಮುಂದ ಬಂದ. ಎರಡೂ ಕೈ ಮುಂದ ಚಾಚಿದ್ದ. ಆಗ ಮುನ್ಶಿ ಬಾಗಲಾಗ ನಿಂತಿದ್ದ. ಹಂಪಣ್ಣ ಅವನ ಮುಖ ನೋಡಿದ. ಕೈ ಹಿಂದ ತಗೊಂಡ. ಚೀಲಕ್ಕ ನೀರು ಚಿಮುಕಿಸಿ ಎತ್ಕೊಂಡು ಗುಡ್ಡ ಇಳದ. ಅಳಕೋತ ಇಳದ, ನಾ ನೋಡೀನಿ. ಆದ್ರ ಇಳದ.”

“ಮತ್ತ ನಿಮ್ಮಪ್ಪ?”

“ನಾ ಎಬ್ಬಸಾಕ ನೋಡಿದೆ. ನನ್ನ ಕೈಲೆ ಆಗಲಿಲ್ಲ. ಕೇರಿ ಮಂದಿ ಬರೂದ್ರಾಗ ಎಲ್ಲಾ ಮುಗದಿತ್ತು.”

ಯಶೋಧರಾ ಅತ್ತಳು. ಮುತ್ಯಾನ ಪಂಚೆಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸುಮ್ಮನೆ ಅವಳ ಬೆನ್ನು ಸವರುತ್ತ ಕುಳಿತ.

“ಆಮ್ಯಾಲ ಹಂಪಣ್ಣ ನಮ್ಮೂರಿಗೇ ಬಂದು ಅಂಗಡಿ ಇಟ್ಟ” ಎಂದ ಮುತ್ಯಾ. “ಸಾಯೋ ತನಕ ನನ್ನ ಕಂಡಾಗೆಲ್ಲ ತಲಿ ತಗ್ಗಸ್ತಿದ್ದ. ಒಂದು ದಿನಾನೂ ಮಾತಾಡಲಿಲ್ಲ. ನಾನೂ ಮಾತಾಡಸಲಿಲ್ಲ.”

“ನಾ ನಾಟಕ ಮಾಡಂಗಿಲ್ಲ.”

“ಅದು ನಿನಗ ಬಿಟ್ಟದ್ದು ತಾಯಿ. ನಾ ಏನೂ ಹೇಳಂಗಿಲ್ಲ.”

ಅವಳು ಇಳಿಯುವಾಗ ಅದನ್ನೇ ಯೋಚಿಸಿದಳು. ನಾಟಕ ಬಿಟ್ಟರೆ ಏನಾಗುತ್ತದೆ? ಬೇರೆ ಯಾರೋ ಚೀಲ ಹೊರುತ್ತಾರೆ. ಬೆಂಚಿನ ಮೇಲೆ ಇಡುತ್ತಾರೆ. ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಅದು ಅವಳಿಗೆ ಇನ್ನೂ ಕೆಟ್ಟದ್ದಾಗಿ ಕಂಡಿತು.

“ಮಾಡ್ತೀನಿ. ಆದ್ರ ಚೀಲ ಕೆಳಗ ಇಡಂಗಿಲ್ಲ” ಎಂದಳು ಕೇರಿ ಹತ್ತಿರ ಬಂದಾಗ.

ಅವತ್ತು ಮಧ್ಯಾಹ್ನ ಮುತ್ಯಾ ಗೂಟದಿಂದ ಗೆಜ್ಜೆ ಇಳಿಸಿ, ಹುಣಸೆಹಣ್ಣು ಹಚ್ಚಿ, ಒಂದೊಂದನ್ನೇ ತಿಕ್ಕಿ ತೊಳೆದ.

ಗ್ಯಾದರಿಂಗಿನ ದಿನ ಅವನೇ ಪಟ್ಟಿಯನ್ನು ಅವಳ ಸೊಂಟಕ್ಕೆ ಸುತ್ತಿ ಬಿಗಿದ. ಪಟ್ಟಿ ದೊಡ್ಡದು, ಎರಡು ಸುತ್ತು ಬಂತು.

“ನೀನೂ ಬಾ ಮುತ್ಯಾ.”

“ನಾ ಬರಂಗಿಲ್ಲ. ನನಗ ಅದನ್ನ ಇನ್ನೊಮ್ಮಿ ನೋಡಾಕ ಆಗಂಗಿಲ್ಲ.”

ಶಾಲೆಯ ಮುಂದೆ ಶಾಮಿಯಾನ ಎದ್ದಿತ್ತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರಿನ ಹಿರಿಯರು. ಅವರ ನಡುವೆ ಇಳಕಲ್ ಸೀರೆ ಉಟ್ಟು ಅನ್ನಮ್ಮ ಆಯಿ. ಹಿಂದೆ ಜಮಖಾನೆ. ಕೇರಿಯ ಹೆಂಗಸರು ಅದರ ಮೇಲೂ ಕೂರದೆ ಕಾಂಪೌಂಡು ಗೋಡೆಗೆ ಒರಗಿ ನಿಂತಿದ್ದರು. ಅವ್ವನೂ ಅಲ್ಲೇ ಇದ್ದಳು. ಜಮಖಾನೆಯಲ್ಲಿ ಬೇಕಾದಷ್ಟು ಜಾಗ ಇತ್ತು. ಯಶೋಧರಾ ಇದನ್ನೆಲ್ಲ ಹಿಂದಿನ ವರ್ಷವೂ ನೋಡಿದ್ದಳು. ಆದರೆ ಇವತ್ತೇ ಅದು ಅವಳ ಕಣ್ಣಿಗೆ ಬಿತ್ತು.

ಅವಳು ಸುಮಲತಾ ಟೀಚರನ್ನು ಹುಡುಕಿಕೊಂಡು ಹೋದಳು. “ಟೀಚರ್, ನಾ ಚೀಲ ಬೆಂಚಿನ ಮ್ಯಾಲ ಇಡಂಗಿಲ್ರಿ. ಬಸಿ ಕೈಯಾಗ ಕೊಡ್ತೀನ್ರಿ.”

ಟೀಚರು ಮೈಕಿನ ವಾಯರು ಬಿಡಿಸುತ್ತಿದ್ದರು. “ಹೆಂಗರ ಕೊಡವ್ವಾ, ಮಾರಾಯ್ತಿ. ಮೊದಲ ಈ ಮೈಕ್ ಚಾಲೂ ಆಗ್ಲಿ” ಎಂದರು.

ಪರದೆಯ ಹಿಂದೆ ಬಸವೇಶ್ವರಿ ಕೆಂಪು ರುಮಾಲು ಸುತ್ತಿಕೊಂಡು ನಿಂತಿದ್ದಳು. ಯಶೋಧರಾ ಅವಳ ಕಿವಿಯಲ್ಲಿ ಹೇಳಿದಳು. “ನಾ ಕೈಯಾಗ ಕೊಡ್ತೀನಿ. ನೀ ತಗೋ. ಏನೂ ಆಗಂಗಿಲ್ಲ.”

“ಬ್ಯಾಡ ಯಶಿ. ಆಯಿ ಮುಂದ ಕುಂತಾಳ.”

“ಮುಂದ ಕುಂತಾಳ ಅಂತನೇ ಹೇಳಾಕತ್ತೀನಿ.”

ಅಷ್ಟರಲ್ಲಿ ಇವರ ಹೆಸರು ಕರೆದರು.

ಯಶೋಧರಾ ಶಾಮಿಯಾನದ ಆ ತುದಿಯಿಂದ ಓಡಿ ಬಂದಳು. ಝಣ್, ಝಣ್, ಝಣ್. ಬಾಯಲ್ಲಿ ನುಡಿಸಿದ ಸದ್ದಲ್ಲ, ನಿಜವಾದ ಗೆಜ್ಜೆ. ಜನ ಹಿಂದಕ್ಕೆ ತಿರುಗಿ ನೋಡಿದರು, ಮುದುಕರಂತೂ ಎದ್ದೇ ನಿಂತರು. ಅವಳು ವೇದಿಕೆ ಹತ್ತಿ, ಬೆಂಚಿನ ಈ ಕಡೆ ನಿಂತು, ಹೆಗಲಿನ ಚೀಲ ಇಳಿಸಿ ಎರಡೂ ಕೈಯಿಂದ ಮುಂದೆ ಚಾಚಿದಳು.

“ಟಪಾಲು ನಿಲ್ಲಬಾರದು! ಜಲ್ದಿ! ಜಲ್ದಿ!” ಎಂದ ಮೈನುದ್ದೀನ. ಈ ಸಲ ಮೀಸೆ ಗಟ್ಟಿಯಾಗಿತ್ತು.

ಬಸವೇಶ್ವರಿ ತುಟಿ ಅಲುಗಿಸದೆ, “ಇಡು” ಎಂದಳು.

“ತಗೋ” ಎಂದಳು ಯಶೋಧರಾ.

ಬಸವೇಶ್ವರಿಯ ಕೈಗಳು ಸ್ವಲ್ಪ ಮೇಲೆ ಬಂದವು. ಬಂದೇ ಬಂದವು ಎಂದು ಯಶೋಧರಾಗೆ ಅನ್ನಿಸಿತು. ಆಗ ಬಸವೇಶ್ವರಿ ಮುಂದಿನ ಸಾಲಿನ ಕಡೆ ನೋಡಿದಳು. ಅನ್ನಮ್ಮ ಆಯಿ ಬೈಯಲಿಲ್ಲ, ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಮೊಮ್ಮಗಳನ್ನು ಸುಮ್ಮನೆ ನೋಡಿದಳು. ಬಸವೇಶ್ವರಿಯ ಕೈಗಳು ಇಳಿದು ಬೆನ್ನ ಹಿಂದೆ ಹೋದವು. ಅವಳ ಕಣ್ಣು ತುಂಬಿಬಂತು.

“ಟಪಾಲು ನಿಲ್ಲಬಾರದು... ಜಲ್ದಿ” ಎಂದ ಮೈನುದ್ದೀನ ಮತ್ತೊಮ್ಮೆ. ನಾಟಕದಲ್ಲಿ ಇಲ್ಲದ್ದು ಏನೋ ನಡೆಯುತ್ತಿದೆ ಎಂದು ಅವನಿಗೂ ಗೊತ್ತಾಗಿ ದನಿ ಸಣ್ಣಗಾಗಿತ್ತು.

ಯಶೋಧರಾಳ ತೋಳು ನೋಯತೊಡಗಿತು. ಬೆಂಚು ಕೈಗೆಟಕುವಷ್ಟು ಹತ್ತಿರ ಇತ್ತು. ಇಟ್ಟುಬಿಟ್ಟರೆ ಎಲ್ಲ ಮುಗಿಯುತ್ತಿತ್ತು, ಚಪ್ಪಾಳೆ ಬೀಳುತ್ತಿತ್ತು, ನಾಳೆ ಮತ್ತೆ ಟ್ಯಾಂಕಿನ ಹಿಂದೆ ಕುಳಿತು ಚಿಕ್ಕಿ ತಿನ್ನಬಹುದಿತ್ತು. ಅವಳು ಇಡಲಿಲ್ಲ. ಚೀಲವನ್ನು ಮತ್ತೆ ಹೆಗಲಿಗೆ ಏರಿಸಿದಳು. ಬೆಂಚನ್ನು ಬಳಸಿಕೊಂಡು, ಬಸವೇಶ್ವರಿಯ ಪಕ್ಕದಿಂದ ಹಾದು, ಆ ಕಡೆಯ ಮೆಟ್ಟಿಲಿಳಿದು ಓಡಿದಳು.

ಜನ ಚಪ್ಪಾಳೆ ತಟ್ಟಿದರು. ನಾಟಕ ಇರುವುದೇ ಹೀಗೆ ಎಂದುಕೊಂಡರು. “ಭಲೇ ಓಡ್ತಾಳ ಹುಡುಗಿ” ಎಂದು ಯಾರೋ ಅಂದರು. ಗೋಡೆಗೆ ಒರಗಿದ್ದ ಅವ್ವ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಯಶೋಧರಾ ಗೇಟು ದಾಟಿದರೂ ನಿಲ್ಲಲಿಲ್ಲ. ಹೊಲದ ದಾರಿ ಹಿಡಿದು ಗುಡ್ಡ ಹತ್ತಿದಳು. ಯಾಕೆ ಅಲ್ಲಿಗೇ ಹೋದಳು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಅಳು ಬರುತ್ತಿತ್ತು. ಎಲ್ಲರೆದುರು ಅಳಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಹೊತ್ತು ಮುಳುಗಲು ಬಂದಿತ್ತು. ಹಾಸುಗಲ್ಲಿನ ಪಕ್ಕ, ಅವಳ ಮುತ್ಯಾನ ಅಪ್ಪ ನಿಲ್ಲುತ್ತಿದ್ದ ಕಡೆಯೇ ಅವಳು ಚೀಲ ಅಪ್ಪಿಕೊಂಡು ಕುಳಿತಳು.

ಸ್ವಲ್ಪ ಹೊತ್ತಿಗೆ ಕೆಳಗೆ ಕಲ್ಲು ಉರುಳಿದ ಸದ್ದಾಯಿತು. ಬಸವೇಶ್ವರಿ ಹತ್ತಿ ಬರುತ್ತಿದ್ದಳು. ರುಮಾಲು ಕೈಯಲ್ಲಿತ್ತು. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿಟ್ಟುಹೋಗಿತ್ತು. ಕಲ್ಲಿನ ಆಚೆ ಕಡೆ ಬಂದು ನಿಂತು ಏದುಸಿರು ಬಿಟ್ಟಳು. ಆಮೇಲೆ ಎರಡೂ ಕೈ ಚಾಚಿದಳು.

“ಕೊಡು.”

ಯಶೋಧರಾ ಅವಳನ್ನೇ ನೋಡಿದಳು.

“ಕೊಡು ಯಶಿ, ತಗೋತೀನಿ. ಇಲ್ಲಿ ಯಾರೂ ಇಲ್ಲ.”

ನಿಜ, ಯಾರೂ ಇರಲಿಲ್ಲ. ಮುನ್ಶಿಯ ಬಾಗಿಲಲ್ಲಿ ಜಾಲಿ ಗಿಡ ಒಂದೇ ಇತ್ತು. ಬಸವೇಶ್ವರಿಯ ಕೈಗಳು ಚಾಚಿಕೊಂಡೇ ಇದ್ದವು. ಹಂಪಣ್ಣನ ಕೈಗಳೂ ಹೀಗೇ ಇದ್ದಿರಬೇಕು ಎಂದು ಯಶೋಧರಾಗೆ ಅನ್ನಿಸಿತು. ಬೆಲ್ಲ ಕೊಟ್ಟ ಕೈ, ಚಾಚಿ ಹಿಂದೆ ತೆಗೆದುಕೊಂಡ ಕೈ, ಎರಡೂ ಒಂದೇ. ಇಷ್ಟು ದಿನ ಮುತ್ಯಾ ಆ ಗೆಜ್ಜೆಯ ಮಾತು ಯಾಕೆ ಎತ್ತುತ್ತಿರಲಿಲ್ಲ ಎಂದು ಅವಳಿಗೆ ಈಗ ತಿಳಿಯಿತು. ಸಿಟ್ಟು ಹೋಗಿ ಬರೀ ದುಃಖ ಉಳಿಯಿತು.

“ಇಲ್ಲಿ ಬ್ಯಾಡ ಬಸಿ.”

“ಮತ್ತ ಎಲ್ಲಿ?”

“ನಾಳಿ ಸಾಲ್ಯಾಗ. ಪ್ರೇಯರ್ ಟೈಮಿಗೆ, ಎಲ್ಲಾರೂ ಇದ್ದಾಗ ತಗೋ.”

ಬಸವೇಶ್ವರಿ ಕೈ ಇಳಿಸಿದಳು. “ಆಯಿಗೆ ಗೊತ್ತಾದ್ರ ಹೊಡಿತಾಳ.”

“ಗೊತ್ತದ.”

ಬಸವೇಶ್ವರಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಣ್ಣು ಒರೆಸಿಕೊಂಡು, “ನಡಿ, ಕತ್ತಲಾಗ್ತದ” ಎಂದಳು.

ಇಬ್ಬರೂ ಒಟ್ಟಿಗೆ ಇಳಿದರು. ಬಸವೇಶ್ವರಿಯ ಒಂದು ಕಾಲು ಬರಿದಾಗಿತ್ತು. ದಾರಿಯೆಲ್ಲ ಮುಳ್ಳು. ಅವಳು ಯಶೋಧರಾಳ ಕೈ ಹಿಡಿದುಕೊಂಡಳು, ಯಶೋಧರಾ ಬಿಗಿಯಾಗಿ ಹಿಡಿದಳು. ಹೆಜ್ಜೆಗೊಮ್ಮೆ ಗೆಜ್ಜೆ ಝಣ್ ಎನ್ನುತ್ತಿತ್ತು. ಊರಿನ ಮೊದಲ ಲೈಟಿನ ಕಂಬ ಬಂತು. ಕಂಬದ ಕೆಳಗೆ ನಾಲ್ಕು ಜನ ನಿಂತು ಮಾತಾಡುತ್ತಿದ್ದರು. ಬಸವೇಶ್ವರಿಯ ಬೆರಳುಗಳು ಸಡಿಲವಾದವು. ಯಶೋಧರಾ ತಡೆಯಲಿಲ್ಲ. ಒಬ್ಬಳು ಅಂಗಡಿಯ ಬೀದಿಗೆ ಹೊರಳಿದಳು, ಒಬ್ಬಳು ಕೇರಿಯ ದಾರಿ ಹಿಡಿದಳು.

ಗೆಜ್ಜೆಯ ಸದ್ದಿಗೆ ಮುತ್ಯಾ ಹೊರಸಿನ ಮೇಲೆ ಎದ್ದು ಕುಳಿತ. ಕತ್ತು ಮುಂದೆ ಮಾಡಿ, ಕತ್ತಲಲ್ಲಿ ಅವಳ ಮುಖ ಹುಡುಕಿದ.

“ಹಂಪಣ್ಣನ ಮೊಮ್ಮಗನ ಕೂಸು ಕೈಯಾಗ ತಗೊಂತೇನು?”

“ಇಲ್ಲ ಮುತ್ಯಾ.”

ಮುತ್ಯಾ ಕೋಲನ್ನು ಪಕ್ಕಕ್ಕೆ ಸರಿಸಿದ.

“ಕೆಳಗ ಇಟ್ಟೇನು?”

“ಇಲ್ಲ. ಎಲ್ಲೂ ಇಟ್ಟಿಲ್ಲ. ಇಲ್ಲೇ ಅದ, ನೋಡು.”

ಮುತ್ಯಾ ಎರಡೂ ಕೈ ಚಾಚಿದ. ಯಶೋಧರಾ ಚೀಲವನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗುವಿನ ಬೆನ್ನು ತಟ್ಟಿದ ಹಾಗೆ ಮೆಲ್ಲಗೆ ತಟ್ಟಿದ. ಒಳಗಿದ್ದದ್ದು ಹಳೇ ಪೇಪರು ಎಂದು ಅವನಿಗೂ ಗೊತ್ತಿತ್ತು.

ಅವ್ವ ಬಂದು ಊಟಕ್ಕೆ ಕರೆದಳು. ಯಶೋಧರಾ ಗೆಜ್ಜೆ ಬಿಚ್ಚಿ ಗೂಟಕ್ಕೆ ಹಾಕಿದಳು. ಚೀಲವನ್ನು ಮಾತ್ರ ಅಲ್ಲಿ ಹಾಕಲಿಲ್ಲ. ಬೆಳಿಗ್ಗೆ ಮರೆಯಬಾರದು ಎಂದು ತನ್ನ ಪುಸ್ತಕದ ಚೀಲದ ಪಕ್ಕ, ಬಾಗಿಲ ಹತ್ತಿರವೇ ಇಟ್ಟುಕೊಂಡಳು.